ಬಾಣಂತಿ ಕೋಣೆಯ ಚಳಿ

“ಆ ಬಿಲದ ತಂಟೆಗೆ ಮಾತ್ರ ಹೋಗ್ಬೇಡಿ ಅಳಿಯಂದ್ರೇ. ಒಳಗೆ ಮನೆ ಕಾಯೋ ಹಳದಿಯಮ್ಮ ಇದ್ದಾಳೆ. ನಮ್ಮ ಹುಡುಗಿ ಹಾಗೇ ಅವಳೂ ಹಸಿ ಬಾಣಂತಿ.”

ಅತ್ತೆಯ ಮಾತಿಗೆ ಶೆನ್ ಯೀಫಾನ್ ಮೂಗು ಮುರಿದ. ಶಾಂಘೈಯ ಎಂಜಿನಿಯರ್ ಮಹಾಶಯ. ಹೆಂಡತಿಯ ಹೆರಿಗೆಗೆಂದು ಉತ್ತರದ ಹಿಮದೂರು ಹಾರ್ಬಿನ್‌ಗೆ ಬಂದವನ ಕಣ್ಣಿಗೆ ಇಲ್ಲಿನವರೆಲ್ಲ ತಲೆಯಲ್ಲಿ ಹಿಮ ತುಂಬಿಕೊಂಡ ದಡ್ಡರು. ಬಾಣಂತಿ ಕೋಣೆಯ ಕಿಟಕಿ ಕೆಳಗೆ, ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಹಿಂದೆ ಗೋಡೆಯಲ್ಲೊಂದು ಬಿಲ. ಅದರ ಬಾಯಲ್ಲಿ ಕೆಂಪು ಕಾಗದ, ಒಂದು ಮೊಟ್ಟೆ, ಪುಟ್ಟ ಬಟ್ಟಲಲ್ಲಿ ಮದ್ಯ. ಒಳಗಿಂದ ಮುಂಗುಸಿಯಂಥ ಪ್ರಾಣಿಯ ಗಬ್ಬು ನಾತ.

“ಹೆಗ್ಗಣ ಸಾಕ್ಕೊಂಡು ಅದಕ್ಕೆ ಹೆಂಡ ಬೇರೆ ಕುಡಿಸ್ತೀರಾ? ಭೇಷ್!”

ರೇಡಿಯೇಟರಿಗೆ ಗಾಳಿ ಹಿಡಿದು ಗುಳುಗುಳು ಎನ್ನುತ್ತಿತ್ತು. ಮೂಲೆಯ ತಿರುಪು ಸಡಿಲಿಸಿದ. ಬುಸ್ಸೆಂದು ಗಾಳಿ ಹೊರಟಿತು, ಹಿಂದೆಯೇ ಕರಿ ಬಿಸಿನೀರು ಬೋಗುಣಿ ತುಂಬಿತು. ಆ ಊರಲ್ಲಿ ಎಲ್ಲರೂ ಅದನ್ನು ಬಚ್ಚಲಿಗೆ ಚೆಲ್ಲುತ್ತಾರೆ. ಇವನು ಬಿಲಕ್ಕೆ ಸುರಿದ.

ಒಳಗೆ ಎಳೆಯ ದನಿಗಳು ಕಿರುಚಿದವು. ಆಮೇಲೆ ಸದ್ದಿಲ್ಲ.

ಸುಟ್ಟ ರೋಮದ ವಾಸನೆಯೊಡನೆ ಹಳದಿ ಮುಖವೊಂದು ಹೊರಬಂತು. ಕಚ್ಚಲಿಲ್ಲ. ಅವನ ಅಂಗೈಗೆ ಮೂತಿ ಒತ್ತಿ, ಒಂದೇ ಒಂದು ತಣ್ಣನೆಯ ಉಸಿರು ಬಿಟ್ಟು, ಬಾಗಿಲ ಸಂದಿಯಿಂದ ಹೋಗಿಬಿಟ್ಟಿತು.

ಹೊತ್ತು ಮುಳುಗುವಷ್ಟರಲ್ಲಿ ಕೋಣೆ ಹಿಮದ ಗುಂಡಿಯಾಯಿತು. ರೇಡಿಯೇಟರ್ ಮುಟ್ಟಿದರೆ ಅತ್ತೆಯ ಕೈ ಸುಡುತ್ತದೆ, ಆದರೆ ಎಲ್ಲರ ಬಾಯಿಂದ ಉಸಿರು ಹಬೆಯಾಗಿ ಬರುತ್ತದೆ. ಎಂಟು ದಿನದ ಹಸುಗೂಸಿನ ತುಟಿ ನೀಲಿಗಟ್ಟಿತು. ಹೆಂಡತಿ ಲಿಂಗ್‌ಜುವಾನ್ ಅದನ್ನು ಎದೆಗವುಚಿಕೊಂಡು ಚಳಿಗೆ ಹಲ್ಲು ಕಟಕಟಿಸುತ್ತಿದ್ದಳು.

“ಮಂಡಿಯೂರಿ ತಪ್ಪಾಯ್ತು ಅನ್ನಿ. ಕೂಸು ಉಳೀಲಿ,” ಎಂದಳು ಅತ್ತೆ.

“ನಾನು ಮಂಡಿಯೂರೋದು ಬೋಲ್ಟು ಬಿಗಿಯೋಕೆ ಮಾತ್ರ.”

ರೇಡಿಯೇಟರಿನ ವಾಲ್ವು ನೋಡಿದ, ಸರಿಯಿತ್ತು. ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದ, ಉಪಯೋಗವಿಲ್ಲ. ಕೊನೆಗೆ ಕೆಳಗಿನ ನೆಲಮಾಳಿಗೆಗೆ ಇಳಿದು ಬಿಸಿನೀರಿನ ದೊಡ್ಡ ಕೊಳವೆಗೆ ಸುತ್ತಿಗೆಯಿಂದ ಬಡಿದ. ಮೇಲಿಂದ ಲಿಂಗ್‌ಜುವಾನ್ ಕೂಗಿದಳು.

“ಬೆಚ್ಚಗಾಯ್ತು ರೀ! ಕೂಸು ಕಣ್ಣು ಬಿಡ್ತು!”

“ನೋಡಿದ್ರಾ, ವಿದ್ಯೆ ಅಂದ್ರೆ ಇದು!” ಎಂದು ಬೀಗುತ್ತ ಮೆಟ್ಟಿಲೇರಿದ. ಬಾಗಿಲು ತೆರೆದ. ಕೂಸಿನ ಅಳು ಗಂಟಲಲ್ಲೇ ನಿಂತಿತು.

ಮತ್ತೆ ಇಳಿದ. ಮೇಲೆ ಅಳು ಕೇಳಿಸಿತು. ಮತ್ತೆ ಹತ್ತಿದ. ಮೌನ. ಗಾಜಿನ ಮೇಲಿನ ಹಬೆ ಕಣ್ಣೆದುರೇ ಹೆಪ್ಪುಗಟ್ಟಿತು.

ಗೋಡೆಯ ತಾಪಮಾಪಕ ಕಿತ್ತು ಕೈಯಲ್ಲಿ ಹಿಡಿದ. ಪಾದರಸ ಇಳಿಯಿತು. ನೆಲಕ್ಕಿಟ್ಟು ಹಿಂದೆ ಸರಿದ. ಏರಿತು. ಹಿಡಿದ. ಇಳಿಯಿತು. ರೇಡಿಯೇಟರನ್ನು ತಬ್ಬಿದ. ಕಬ್ಬಿಣ ತಣ್ಣಗಾಯಿತು. ಕೊಳವೆ ತಣ್ಣಗಾಯಿತು. ಮನೆಯಲ್ಲಿ ಕೆಟ್ಟಿದ್ದು ಒಂದೇ. ಅದು ಅವನೇ.

ಅತ್ತೆ ಅವನನ್ನು ಹೊರಕ್ಕೆ ದಬ್ಬಿ ಚಿಲಕ ಹಾಕಿದಳು.

“ಒಂದೇ ಸಲ ಎತ್ಕೊಳ್ತೀನಿ ಅತ್ತೆ... ನನ್ ಮಗು!”

“ಆ ಬಿಲದವಳಿಗೂ ಒಂದ್ಸಲ ಎತ್ಕೋಬೇಕು ಅಂತ ಇತ್ತೇನೋ,” ಒಳಗಿಂದ ಮುದುಕಿ ಉಗಿದಂತೆ ಹೇಳಿದಳು.

ಎಂಜಿನಿಯರ್ ಆಗ ಮಂಡಿಯೂರಿದ. ಬಿಗಿಯಲು ಅಲ್ಲೊಂದು ಬೋಲ್ಟೂ ಇರಲಿಲ್ಲ. ತಪ್ಪಾಯ್ತು, ತಪ್ಪಾಯ್ತು ಎಂದು ಕತ್ತಲ ಮೆಟ್ಟಿಲಿಗೆ ಹಣೆ ಬಡಿದ. ಯಾರೂ ಬರಲಿಲ್ಲ.

ಒಳಗೆ ಕೂಸು ಗಟ್ಟಿಯಾಗಿ ಅಳುತ್ತಿತ್ತು, ಹೊಟ್ಟೆ ಹಸಿದ, ಮೈ ಬೆಚ್ಚಗಿನ ಅಳು. ತಡೆಯಲಾರದೆ ಬಾಗಿಲಿಗೆ ಅಂಗೈ ಇಟ್ಟ.

ಅಳು ನಿಂತಿತು.

ಕೈ ತೆಗೆದು, ಬೀದಿಗಿಳಿದು ಹೋದ.