ಕೈಪಂಪಿನ ಹಿಡಿಕೆ

ಸೋಮವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಸೇವಾ ಕ್ಲಬ್ಬಿನ ಅಧ್ಯಕ್ಷರು ಠಾಣೆಗೆ ಬಂದು ದೂರು ಕೊಟ್ಟರು. ಕ್ಲಬ್ಬಿನವರು ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಕೊಳವೆಬಾವಿ ಕೊರೆಸಿ, ಕೈಪಂಪು ಹಾಕಿಸಿ, ಹಿಂದಿನ ದಿನವಷ್ಟೇ ಉದ್ಘಾಟನೆ ಮಾಡಿದ್ದರು. ಬೆಳಗಾಗುವಷ್ಟರಲ್ಲಿ ಪಂಪಿನ ಹಿಡಿಕೆ ಮಾಯ. ಹಿಡಿಕೆಗೂ ಒಂದು ಎಫ್‌ಐಆರ್ ಬರೆಯಬೇಕಲ್ಲ ಎಂದು ಇನ್ಸ್‌ಪೆಕ್ಟರ್ ಒಳಗೊಳಗೇ ಹಲ್ಲು ಕಡಿದರು. ಆದರೆ ಕಳವು ಕಳವೇ, ಪ್ರಕರಣ ದಾಖಲಾಯಿತು.

"ನಾಳೆ ಹನ್ನೊಂದಕ್ಕೆ ಹೊಸ ಹಿಡಿಕೆ ಹಾಕಿಸ್ತೀನಿ. ಇನ್ನೂರು ಮಕ್ಕಳು ಕಾಯ್ತಿದಾರೆ," ಎಂದರು ಅಧ್ಯಕ್ಷರು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಠಾಣೆಯವರೆಲ್ಲ ಅಜ್ಜ ಎಂದೇ ಕರೆಯುವ, ನಿವೃತ್ತಿಗೆ ಎಂಟು ತಿಂಗಳಿದ್ದ ಮುಖ್ಯಪೇದೆ ಬರೆದುಕೊಂಡರು: ಬೋಲ್ಟುಗಳು ಮುರಿದಿಲ್ಲ, ಸರಿಯಾದ ಸ್ಪ್ಯಾನರಿನಿಂದ ಬಿಚ್ಚಲಾಗಿದೆ. ನೀರು ಬೀಳುವ ಬಾಯಿಗೆ ಹತ್ತಿ ತುರುಕಿ, ಗಾಯಕ್ಕೆ ಕಟ್ಟುವ ಬಟ್ಟೆಯಿಂದ ಬಿಗಿಯಾಗಿ ಸುತ್ತಲಾಗಿದೆ.

"ಕದ್ದೋನಿಗೆ ಪಂಪಿನ ಮೇಲೆ ಇಷ್ಟೊಂದು ಅಕ್ಕರೆ ಯಾಕ್ ಸಾರ್?" ಎಂದರು ಅಜ್ಜ.

ಇನ್ಸ್‌ಪೆಕ್ಟರ್ ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿದರು. "ನಿನ್ನೆ ಯಾರು ಕುಡಿದ್ರು ಇದರ ನೀರು?"

"ಯಾರೂ ಇಲ್ಲ. ಭಾಷಣ ಮುಗಿದಿದ್ದೇ ತಡ ಎಲ್ಲಾ ಊಟಕ್ಕೆ ಓಡಿದ್ರು. ಫೋಟೋಗೆ ಅಂತ ಅಧ್ಯಕ್ಷರು ಕುಡಿದಿದ್ದೂ ಬಾಟಲಿ ನೀರೇ."

ಮಧ್ಯಾಹ್ನ ಕ್ಲಬ್ಬಿನ ಕಡತ ತರಿಸಿದರು. ಬಾವಿ ಕೊರೆದದ್ದು ಹದಿನಾಲ್ಕನೇ ತಾರೀಕು. ನೀರು ಶುದ್ಧವೆಂದು ವರದಿ ಕೊಟ್ಟ ಪ್ರಯೋಗಾಲಯಕ್ಕೆ ಮಾದರಿ ತಲುಪಿದ್ದು ಹನ್ನೊಂದನೇ ತಾರೀಕು. ಇನ್ಸ್‌ಪೆಕ್ಟರ್ ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದರು.

"ಅಜ್ಜಾ, ಬಾವಿ ತೋಡೋಕೆ ಮೂರು ದಿನ ಮುಂಚೆನೇ ಅದರ ನೀರು ಎಲ್ಲಿಂದ ಬಂತ್ರೀ?"

ವರದಿಯಲ್ಲಿ ಮಾದರಿ ತಂದವರ ಜಾಗದಲ್ಲಿ ಕ್ಲಬ್ಬಿನ ಹಳೇ ಸದಸ್ಯ, ಔಷಧಿ ಅಂಗಡಿಯವರ ಸಹಿ ಇತ್ತು. ಹತ್ತಿ ಮತ್ತು ಬಟ್ಟೆ ಎಲ್ಲಿಂದ ಬಂದವೆಂದು ಇನ್ನು ಕೇಳಬೇಕಾಗಿರಲಿಲ್ಲ.

ಮಂಗಳವಾರ ಹತ್ತೂ ಇಪ್ಪತ್ತಕ್ಕೆ ಅವರನ್ನು ಠಾಣೆಗೆ ಕರೆಸಲಾಯಿತು. ಅಜ್ಜ ಶಾಲೆಯ ಕಾವಲಿಗೆ ಹೋಗಿದ್ದರು.

"ಮಾದರಿ ಎಲ್ಲಿ ತುಂಬಿದ್ರಿ?"

"ಶಾಲೆ ಬಾವೀಲಿ."

"ಹನ್ನೊಂದನೇ ತಾರೀಕು ಅಲ್ಲಿ ಬಾವಿನೇ ಇರ್ಲಿಲ್ಲ."

ಇನ್ಸ್‌ಪೆಕ್ಟರ್ ಗೋಡೆ ಗಡಿಯಾರ ನೋಡಿದರು. "ಹೋಗ್ಲಿ ಬಿಡಿ. ಇನ್ನರ್ಧ ಗಂಟೇಲಿ ಹೊಸ ಹಿಡಿಕೆ ಹಾಕ್ತಾರೆ. ಮಕ್ಕಳು ಲೋಟ ಹಿಡ್ಕೊಂಡು ನಿಂತಿದಾರಂತೆ."

ಅಂಗಡಿಯವರು ಎದ್ದೇಬಿಟ್ಟರು. "ನಿಲ್ಲಿಸಿ ಸಾರ್. ಆ ನೀರು ಕುಡಿಯೋ ಹಾಗಿಲ್ಲ. ಹಿಡಿಕೆ ಬಿಚ್ಚಿದ್ದು ನಾನೇ."

ಇನ್ಸ್‌ಪೆಕ್ಟರ್ ಅಜ್ಜನಿಗೆ ಫೋನು ಹಚ್ಚಿ, ಪಂಪಿನ ಹತ್ತಿರ ಯಾರನ್ನೂ ಬಿಡಬೇಡಿ ಎಂದರು. ಹತ್ತೂ ನಲವತ್ತೊಂದಕ್ಕೆ ಆ ಕಡೆಯಿಂದ ಅಜ್ಜನ ಏದುಸಿರು ಕೇಳಿತು. "ಪಂಪಿಗೆ ಬೆನ್ನು ಕೊಟ್ಟು ನಿಂತಿದೀನಿ ಸಾರ್. ಅಧ್ಯಕ್ಷರು ಬಯ್ತಿದಾರೆ, ಬಯ್ಲಿ. ಒಂದು ಹನೀನೂ ಹೊರಗೆ ಬಂದಿಲ್ಲ." ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದಂತಾಯಿತು.

ಹೇಳಿಕೆ ಬರೆಸುವಾಗ ಅಂಗಡಿಯವರು ಏನನ್ನೂ ಮುಚ್ಚಿಡಲಿಲ್ಲ. ಆಮಂತ್ರಣ ಆಗಲೇ ಅಚ್ಚಾಗಿತ್ತು, ಪರೀಕ್ಷೆಗೆ ಹತ್ತು ದಿನ ಬೇಕಿತ್ತು. ಏನಾದೀತು ಎಂದು ತಮ್ಮ ಅಂಗಡಿಯ ನಲ್ಲಿ ನೀರನ್ನೇ ತುಂಬಿ ಕೊಟ್ಟಿದ್ದರು. ಬಾವಿ ಕೊರೆದ ಮೇಲೆ ಮನಸ್ಸು ತಡೆಯದೆ ನಿಜವಾದ ಮಾದರಿಯನ್ನೂ ಗುಟ್ಟಾಗಿ ಕಳಿಸಿದರು. ಅದರ ವರದಿ ಉದ್ಘಾಟನೆಯ ದಿನ ಸಂಜೆ ಬಂತು: ನೀರಿನಲ್ಲಿ ಮಲದ ಕ್ರಿಮಿ. ಕ್ಲಬ್ಬೇ ಹೋದ ವರ್ಷ ಕಟ್ಟಿಸಿದ್ದ ಶೌಚಾಲಯದ ಗುಂಡಿ ಬಾವಿಯಿಂದ ಹನ್ನೆರಡೇ ಹೆಜ್ಜೆ. ಸೋಮವಾರ ನಸುಕಿನಲ್ಲಿ ಸ್ಪ್ಯಾನರ್ ಹಿಡಿದು ಹೊರಟರು.

"ಬಾಯಿಬಿಟ್ಟು ಹೇಳಬಹುದಿತ್ತಲ್ರೀ?"

"ಇಪ್ಪತ್ತಾರು ವರ್ಷದಿಂದ ಜನ ನಾನು ಕೊಟ್ಟ ಮಾತ್ರೇನ ತಿರುಗಿಸಿ ನೋಡ್ದೆ ನುಂಗ್ತಿದಾರೆ ಸಾರ್. ಸುಳ್ಳು ಬಾಟಲಿ ಕೊಟ್ಟೋನು ಅಂತ ಗೊತ್ತಾದ್ರೆ ಇನ್ಯಾರು ನುಂಗ್ತಾರೆ?"

ಅಂಗಡಿಯ ಕಪಾಟಿನ ಹಿಂದೆ ಹಿಡಿಕೆ ಸಿಕ್ಕಿತು. ಹನ್ನೆರಡೂ ಕಾಲಿಗೆ ಬಂಧನ ದಾಖಲಾಯಿತು. ಕೃತ್ಯಕ್ಕೆ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ "ನಾಚಿಕೆ" ಎಂದಷ್ಟೇ ಬರೆದರು.

ಸಂಜೆ ಜಾಮೀನಿನ ಮೇಲೆ ಹೊರಬಂದ ಅಂಗಡಿಯವರು ಮೆಟ್ಟಿಲ ಬಳಿ ಮುಖ್ಯೋಪಾಧ್ಯಾಯಿನಿಯನ್ನು ಕಂಡು ತಲೆ ತಗ್ಗಿಸಿದರು. ಆಕೆ ಬೈಯಲಿಲ್ಲ. ಚೀಲದಿಂದ ಡಾಕ್ಟರ ಚೀಟಿ ತೆಗೆದು ಮುಂದೆ ಹಿಡಿದರು.

"ಅಮ್ಮನ ಬಿಪಿ ಮಾತ್ರೆ ಮುಗಿದಿದೆ. ನಾಳೆ ಅಂಗಡಿ ಎಷ್ಟೊತ್ತಿಗೆ ತೆಗೀತೀರಿ?"

ಅಂಗಡಿಯವರು ಚೀಟಿ ತೆಗೆದುಕೊಂಡು ಎರಡು ಸಲ ಓದಿದರು.

"ಎಂಟಕ್ಕೆ," ಎಂದರು.