ಮುಂದಿನ ಸೀಟಿನ ಮೊಣಕಾಲು

"ನೋಡಿ ಮೇಸ್ತ್ರಿ, ನೀವು ಮುಟ್ಟಿದ ಕೂಡಲೇ ತಿರುಗುತ್ತೆ. ನಾನು ರಸ್ತೆಗಿಳಿದ್ರೆ ನಿಂತುಬಿಡುತ್ತೆ. ಇದ್ಯಾವ ಸೀಮೆ ಫ್ಯಾನು?"

ಯೊಕಾಸ್ತಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸಾಂತಿಯಾಗೊ ಪೇಟೆಯಲ್ಲಿ ಶೇರ್ ಟ್ಯಾಕ್ಸಿ ಓಡಿಸುವವಳು; ಇಪ್ಪತ್ತೈದು ವರ್ಷದ ಆ ಹಳೆಯ ಕಾರೊಂದೇ ಅವಳ ಹೊಟ್ಟೆಪಾಡು. ಹದಿನೈದು ದಿನದಲ್ಲಿ ಇದು ಮೂರನೇ ಸಲ ರೇಡಿಯೇಟರ್ ಕುದಿದು ಹಬೆ ಎದ್ದಿತ್ತು. ಹೀಗೇ ಕುದಿಯುತ್ತಿದ್ದರೆ ಇಂಜಿನ್ನೇ ಹೋಗುತ್ತಿತ್ತು.

ಮೆಕ್ಯಾನಿಕ್ ಎರಿಬೆರ್ತೊ ಬಾನೆಟ್ ಕೆಳಗಿನಿಂದ ತಲೆಯೆತ್ತಿದ. ಫ್ಯಾನನ್ನು ತಾನಾಗಿ ಓಡಿಸುವ ಸೆನ್ಸರ್ ಸತ್ತಾಗ, ಆ ಊರಿನವರೆಲ್ಲ ಮಾಡುವಂತೆ, ಬ್ಯಾಟರಿಯಿಂದ ನೇರ ವೈರ್ ಎಳೆದು ಡ್ಯಾಶ್‌ಬೋರ್ಡಿನ ನಡುವೆ, ಕೆಳಗೆ, ಒಮ್ಮೆ ಒತ್ತಿದರೆ ಫ್ಯಾನ್ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಬಟನ್ ಕೂರಿಸಿದವನು ಅವನೇ. ಆಮೇಲೆ ಫ್ಯೂಸ್ ಬದಲಾಯಿತು, ರಿಲೇ ಬದಲಾಯಿತು, ಅರ್ತ್ ವೈರ್ ಉಜ್ಜಿ ಬಿಗಿದದ್ದೂ ಆಯಿತು.

"ಬೆಳಿಗ್ಗೆ ಬಟನ್ ಒತ್ತಿದ್ರಾ?"

"ದಿನಾ ಒತ್ತೋದು ಅದನ್ನೇ ಮೊದಲು. ಆಮೇಲೆ ಮುಟ್ಟೋದೇ ಇಲ್ಲ, ನೀವೇ ಹೇಳಿದ್ರಲ್ಲ."

ಅವನು ನಕ್ಕು ಕಾಫಿ ಲೋಟ ಮುಂದೆ ಹಿಡಿದ. ಆ ಕಾಫಿಯ ಮೇಲೇ ಅವಳಿಗೆ ಅನುಮಾನ. ಅವಳು ಬರುವಷ್ಟರಲ್ಲಿ ಬಿಸಿಬಿಸಿ ಸಿದ್ಧವಾಗಿರುತ್ತದಲ್ಲ, ಕಾರು ಕೆಡುತ್ತದೆಂದು ಇವನಿಗೆ ಮೊದಲೇ ಹೇಗೆ ಗೊತ್ತು? "ಎಲ್ಲೋ ಒಂದು ವೈರ್ ಸಡಿಲ ಬಿಡ್ತಾನೆ ಕಣೇ, ನೀನು ಮತ್ತೆ ಬರ್ಲಿ ಅಂತ," ಎಂದು ಸ್ಟ್ಯಾಂಡಿನ ಗೆಳತಿ ಬೇರೆ ಕಿವಿ ಚುಚ್ಚಿದ್ದಳು. ಸಿಹಿಮಾತಿನ ಸುಳ್ಳನೊಬ್ಬನ ಜೊತೆ ಆರು ವರ್ಷ ಸಂಸಾರ ಮಾಡಿ ಬಿಟ್ಟುಬಂದವಳಿಗೆ ಅನುಮಾನವನ್ನು ಯಾರೂ ಕಲಿಸಬೇಕಿರಲಿಲ್ಲ. ಈ ನಗು ತನಗೆ ಇಷ್ಟವಾಗುತ್ತಿದೆ ಎಂಬುದೇ ಅವಳ ಸಿಟ್ಟನ್ನು ಇನ್ನಷ್ಟು ಏರಿಸಿತ್ತು.

"ಇವತ್ತು ನನ್ನ ಜೊತೆ ಬನ್ನಿ. ನಿಮ್ಮ ಕಿತಾಪತಿ ಏನಾದ್ರೂ ಇದ್ರೆ ಇದೇ ವೈರಲ್ಲಿ ಕಟ್ಟಿಹಾಕ್ತೀನಿ."

"ಕಟ್ಟಿ ಅಮ್ಮಾವ್ರೆ. ಗಂಟು ಮಾತ್ರ ಬಿಗಿಯಾಗಿರ್ಲಿ."

ಮಾರ್ಕೆಟ್ಟಿನ ಹತ್ತಿರ ಹಿಂದಿನ ಸೀಟಿಗೆ ನಾಲ್ವರು ಹತ್ತಿದರು. ಮುಂದೆ ಡ್ರೈವರ್ ಪಕ್ಕ ಇಬ್ಬರು ಕೂರುವುದು ಅಲ್ಲಿನ ವಾಡಿಕೆ. ಬಾಳೆಕಾಯಿ ಬುಟ್ಟಿ ಹಿಡಿದ ದಪ್ಪ ಹೆಂಗಸೊಬ್ಬಳು ಕಿಟಕಿ ಪಕ್ಕ ತೂರಿಕೊಂಡಳು. ಎರಿಬೆರ್ತೊ ನಡುವೆ ಸರಿಯಬೇಕಾಯಿತು. ಅವನ ಭುಜ ಯೊಕಾಸ್ತಾಳ ಭುಜಕ್ಕೆ ತಾಗಿತು.

"ಸ್ವಲ್ಪ ಆಚೆ ಸರೀರಿ."

"ಆಚೆ ಬಾಳೆಕಾಯಿ ಇದೆ."

ಹಿಂದೆ ಯಾರೋ ಕಿಸಕ್ಕೆಂದರು. ಯೊಕಾಸ್ತಾ ಓರೆಗಣ್ಣಲ್ಲಿ ಅವನ ಕೈಗಳನ್ನೇ ಕಾಯುತ್ತಿದ್ದಳು. ಪಾಪ, ಎರಡೂ ತೊಡೆಯ ಮೇಲೆ ಸುಮ್ಮನೆ ಕೂತಿದ್ದವು. ಆದರೂ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಅವಳು ಗಕ್ಕನೆ ಕಾರನ್ನು ಬದಿಗೆ ಹಾಕಿದಳು.

"ಏನು ಮಾಡಿದ್ರಿ? ಕೈ ತೋರ್ಸಿ!"

ಅವನು ಎರಡೂ ಕೈ ಎತ್ತಿದ. ಆಮೇಲೆ ಕೆಳಗೆ ನೋಡಿದ. ಅವನ ಎಡ ಮೊಣಕಾಲು ಬಟನ್ನಿಗೆ ಅದುಮಿಕೊಂಡಿತ್ತು. ಕಾಲು ಸರಿಸಿ ಬಟನ್ ಒತ್ತಿದ, ಫ್ಯಾನ್ ಗುರ್ರೆಂದಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಬೈಕಲ್ಲಿ ಓಡಾಡೋನು ನಾನು. ಇಲ್ಲಿ ಒಬ್ರ ಮೊಣಕಾಲು ಬರುತ್ತೆ ಅಂತ ಹೊಳೀಲೇ ಇಲ್ಲ."

"ಹಾಗಾದ್ರೆ ಆ ಕಾಫಿ?"

ಅವನ ಮುಖ ಕೆಂಪಾಯಿತು. "ನಿಮ್ಮ ಸೈಲೆನ್ಸರ್ ಸದ್ದು ತಿರುವಿನಿಂದಲೇ ಕೇಳುತ್ತೆ. ಕೇಳಿದ ಕೂಡಲೇ ಒಲೆ ಹಚ್ತೀನಿ. ಫ್ಯಾನ್ ಕೆಡಿಸ್ಲಿಲ್ಲ, ದೇವರಾಣೆ. ಆದ್ರೆ ಅದು ಸರಿಹೋದಾಗೆಲ್ಲ ಬೇಜಾರಾಗಿದ್ದು ನಿಜ."

"ಮದುವೆ ಮಾತು ಆಮೇಲೆ ಆಡ್ಕೊಳ್ಳಿ," ಎಂದಳು ಬಾಳೆಕಾಯಿಯವಳು. "ಮೊದ್ಲು ನನ್ನ ಇಳಿಸಿ."

ಅಂದೇ ಅವನು ಬಟನ್ನನ್ನು ಸ್ಟೀರಿಂಗಿನ ಎಡಕ್ಕೆ, ಅವಳ ಬಾಗಿಲಿನ ಕಡೆ, ಯಾರ ಮೊಣಕಾಲೂ ತಾಗದಂತೆ ಕೂರಿಸಿದ. ಇನ್ನು ಅವಳು ಬರಲು ಕಾರಣವೇ ಇರಲಿಲ್ಲ. ಯೊಕಾಸ್ತಾ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು, "ನಾಳೆ ಏಳಕ್ಕೆ ಇಲ್ಲೇ ನಿಂತಿರಿ. ಇನ್ನೊಂದು ಸಲ ಪರೀಕ್ಷೆ ಆಗ್ಲಿ," ಎಂದು ಹೊರಟಳು.

ಮರುದಿನ ಮಾರ್ಕೆಟ್ಟಿನಲ್ಲಿ ಅದೇ ಹೆಂಗಸು ಮುಂದಿನ ಬಾಗಿಲಿಗೆ ಕೈಹಾಕಿದಳು.

"ಮುಂದೆ ಫುಲ್ಲು," ಎಂದಳು ಯೊಕಾಸ್ತಾ.

"ಒಬ್ರೇ ಕೂತಿದ್ದಾರಲ್ಲೇ!"

"ಫುಲ್ಲು ಅಂದೆನಲ್ಲ, ಅಕ್ಕ."

ಹೆಂಗಸು ಬಗ್ಗಿ ಒಳಗೆ ನೋಡಿದಳು. ಎರಿಬೆರ್ತೊ ಅಷ್ಟಗಲದ ಸೀಟಿನಲ್ಲಿ ಕಿಟಕಿಯ ಕಡೆ ಬಿಟ್ಟು, ನಡುವಿನಲ್ಲೇ ಕೂತಿದ್ದ.