ಮೂಲೆ ಮಡಚಿದ ಕಾರ್ಡು

ಕಿರ್ಸ್ಟನ್ ಬಾಗಿಲ ಬಳಿಯ ಕಾರ್ಡಿನ ತಟ್ಟೆಯಿಂದ ಅಪ್ಪನ ವಿಸಿಟಿಂಗ್ ಕಾರ್ಡ್ ಒಂದನ್ನು ಎತ್ತಿ, ಅದರ ಮೂಲೆ ಮಡಚಿದಳು. ಅಂಗೈ ಬೆವರುತ್ತಿತ್ತು.

ಅಪ್ಪ ಬರ್ಲಿನ್‌ನಲ್ಲಿ ಡೆನ್ಮಾರ್ಕಿನ ರಾಜತಂತ್ರಜ್ಞರು. ಅಂಥ ದೊಡ್ಡ ಮಂದಿಯಲ್ಲಿ ಒಂದು ಪದ್ಧತಿ. ಮೂಲೆ ಮಡಚಿದ ಕಾರ್ಡ್ ಬಿಟ್ಟುಹೋದರೆ, ‘ನಾನೇ ಖುದ್ದಾಗಿ ಬಂದಿದ್ದೆ’ ಎಂದರ್ಥ. ಕಾರ್ಡ್ ಸಿಕ್ಕವರು ಮರುದಿನವೇ ತಿರುಗಿ ಭೇಟಿಗೆ ಬರಬೇಕು. ಈ ಎರಡನೆಯದು ಕಿರ್ಸ್ಟನ್‌ಗೆ ಗೊತ್ತಿರಲಿಲ್ಲ.

ಹೊಸ ಸರ್ಕಾರ ಬಂದದ್ದೇ, ಗೆಳತಿ ಹನ್ನಾಳ ಅಪ್ಪ ಲೆವಿನ್ ಅವರ ಜಡ್ಜ್ ಕೆಲಸ ಹೋಯಿತು. ಅವರು ಯಹೂದಿ, ಅಷ್ಟೇ ಕಾರಣ.

“ನಮ್ಮನೆಗೆ ಈಗ ಯಾರೂ ಬರಲ್ಲ ಕಣೇ. ಪಕ್ಕದ ಮನೆಯವ್ರೂ ನಮ್ಮನ್ನ ನೋಡಿದ್ರೆ ರಸ್ತೆ ದಾಟ್ತಾರೆ” ಎಂದಿದ್ದಳು ಹನ್ನಾ.

“ಅಪ್ಪಾ, ಒಂದೇ ಒಂದ್ಸಲ ಹೋಗಿ ಬನ್ನಿ” ಎಂದು ಕಿರ್ಸ್ಟನ್ ಗೋಗರೆದಿದ್ದಳು.

“ನಾವಿಲ್ಲಿ ಅತಿಥಿಗಳು ಪುಟ್ಟಿ. ಮನೆಯವರ ಜಗಳದಲ್ಲಿ ಬಾಯಿ ಹಾಕಬಾರದು.”

ಜಗಳವಾ ಅದು? ಹೊಡೆಯುತ್ತಿದ್ದವರು ಒಂದೇ ಕಡೆಯವರಲ್ಲವಾ!

ಆ ಸಂಜೆ ಕಾರ್ಡ್ ಹನ್ನಾಳ ಮನೆಯ ಟಪಾಲು ಡಬ್ಬಿಗೆ ಬಿತ್ತು.

ಮರುದಿನ ಮಧ್ಯಾಹ್ನ, ಹೊಸ ಸರ್ಕಾರದ ಕಂದು ಸಮವಸ್ತ್ರದ ಅಧಿಕಾರಿಯೊಬ್ಬ ಅಪ್ಪನ ಜೊತೆ ಕಾಫಿ ಕುಡಿಯುತ್ತಿದ್ದ. ಕೆಲಸದ ಎಲ್ಸಾ ಬಾಗಿಲು ತೆರೆದಳು. ಲೆವಿನ್! ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಆ ಕಾರ್ಡು.

“ನಿನ್ನೆ ನೀವು ಬಂದಾಗ ಬೆಲ್ ಕೇಳಿಸಲೇ ಇಲ್ಲ. ಕ್ಷಮಿಸಿ” ಎಂದರು.

ಅಧಿಕಾರಿ ಕಪ್ ಕೆಳಗಿಟ್ಟ. “ಏನ್ರೀ ಹೋಲ್ಮ್ ಅವರೇ, ಇವನ ಮನೆಗೆ ನೀವು ಹೋಗಿದ್ರಾ?”

ಅಪ್ಪ ಕಾರ್ಡ್ ನೋಡಿದರು. ಮೆಟ್ಟಿಲ ಮೇಲಿದ್ದ ಕಿರ್ಸ್ಟನ್‌ಳ ಕೆಂಪು ಕಿವಿಗಳನ್ನು ನೋಡಿದರು. ‘ಇಲ್ಲ’ ಎಂದುಬಿಟ್ಟರೆ? ಲೆವಿನ್ ಹಾಗೇ ಬೀದಿಗೆ ಇಳಿಯಬೇಕು.

“ಹೌದು, ಹೋಗಿದ್ದೆ” ಎಂದರು ಅಪ್ಪ. “ಒಳಗೆ ಬನ್ನಿ ಜಡ್ಜ್ ಸಾಹೇಬ್ರೇ. ಎಲ್ಸಾ, ಇನ್ನೊಂದು ಕಪ್.”

“ಇದನ್ನ ಮೇಲಿನವರಿಗೆ ಹೇಳಬೇಕಾಗುತ್ತೆ” ಎಂದು ಅಧಿಕಾರಿ ಎದ್ದ. ಅವನ ಬೂಟಿನ ಸದ್ದು ಗೇಟಿನವರೆಗೂ ಕೇಳಿಸಿತು.

ಲೆವಿನ್ ಹೋದ ಮೇಲೆ ಕಿರ್ಸ್ಟನ್ ಬೈಗುಳಕ್ಕೆ ಕಾದು ನಿಂತಳು. ಅಪ್ಪ ಓವರ್‌ಕೋಟ್ ತೊಟ್ಟರು.

“ಶೂ ಹಾಕ್ಕೋ. ಹೇಳಿದ ಸುಳ್ಳನ್ನ ನಿಜ ಮಾಡ್ಬೇಕಲ್ಲ.”

“ಕಾರ್ಡ್ ತಗೊಳ್ಳಲಾ?”

“ಬೇಡ. ಬೆಲ್ ಒತ್ತೋಣ.”

ಬೀದಿಯಲ್ಲಿ ಅವಳು ಅಪ್ಪನ ಕೈ ಹಿಡಿದಳು. ಅಷ್ಟು ಚಳಿಯಲ್ಲೂ ಆ ಅಂಗೈ ಬೆವರಿತ್ತು. ಅವಳು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.